ಅಜ್ಜನ ಶ್ರಾದ್ಧಕ್ಕೆ ಒದಗಿದ ಕಲ್ಲಿದ್ದಲು

ಭೂಮಿಯೊಳಗೆ ಏನೇನಿದೆ ಎಂಬುದನ್ನು ಭೂಮಿಯ ಮೇಲೆ ಕುರ್ಚಿ ಹಾಕಿಕೊಂಡು ದಾಖಲಿಸುವ ಸರ್ಕಾರಿ ಕಚೇರಿಯೊಂದು ಹೈದರಾಬಾದಿನಲ್ಲಿತ್ತು. ನಮ್ಮ ತಂದೆಯವರು ಅಲ್ಲಿದ್ದರು. ಗಣಿಯನ್ನು ಕಣ್ಣಾರೆ ಕಂಡವರಲ್ಲ. ಆದರೂ ಕಲ್ಲಿದ್ದಲಿನ ವಿಷಯವನ್ನು ಯಾರೂ ಕೇಳದಿದ್ದರೂ ಹೇಳುವಷ್ಟು ಬಲ್ಲವರಾಗಿದ್ದರು. ನಾರಾಯಣಗೂಡದ ನಮ್ಮ ಬಾಡಿಗೆ ಮನೆಯಲ್ಲಿ ಕೇಳದೆ ತಪ್ಪಿಸಿಕೊಳ್ಳುವಷ್ಟು ಕೋಣೆಗಳಿರಲಿಲ್ಲ.

ಆ ವರ್ಷ ಅಜ್ಜನ ಶ್ರಾದ್ಧಕ್ಕೆ ಸರಿಯಾಗಿ ನಾಲ್ಕು ದಿನ ಬಿಡದೆ ಮಳೆ ಹಿಡಿಯಿತು. ಅಂಗಳದ ಕಟ್ಟಿಗೆ ತೊಯ್ದು ತೊಪ್ಪೆಯಾಯಿತು. ಇದ್ದಿಲು ಮಾರುವವನು ಬರಲಿಲ್ಲ. ಸೀಮೆಎಣ್ಣೆ ಸ್ಟೋವಿಗೆ ಮಡಿ ಅಡುಗೆಮನೆಯಲ್ಲಿ ಪ್ರವೇಶವಿರಲಿಲ್ಲ. ಉಳಿದದ್ದು ಸ್ನಾನದ ನೀರು ಕಾಯಿಸುವ ಬಂಬಿಗೆಂದು ತಂದಿಟ್ಟಿದ್ದ ಒಂದು ಚೀಲ ಕಲ್ಲಿದ್ದಲು.

ಮಡಿಯುಟ್ಟ ಅಜ್ಜಿ ದೂರದಿಂದಲೇ ಚೀಲವನ್ನು ಪರಿಶೀಲಿಸಿದರು.

"ಕಲ್ಲಲ್ಲೇನು? ಕಲ್ಲಿಗೆಲ್ಲೀ ಮೈಲಿಗಿ! ತಾ ಇತ್ತಾಗ."

ಅಲ್ಲಿಗೆ ಪ್ರಶ್ನೆ ಮುಗಿದಿತ್ತು. ಮುಗಿದದ್ದನ್ನು ಮುಗಿಯಗೊಡುವುದು ತಂದೆಯವರ ಸ್ವಭಾವವಲ್ಲ.

"ಕಲ್ಲಲ್ಲವ್ವಾ, ಗಿಡ ಅದು. ಕೋಟ್ಯಂತರ ವರ್ಷದ ಹಿಂದ ಜವುಳು ನೆಲದಾಗ ಗಿಡ ಸತ್ತು ಬಿದ್ದು, ಮ್ಯಾಲೆ ಮಣ್ಣು ಕೂತು, ಆ ಭಾರಕ್ಕ, ಒಳಗಿನ ಕಾವಿಗೆ..."

ಅಜ್ಜಿ ಕೈಯೆತ್ತಿದರು. "ಸತ್ತಾವೇನು?"

"ಹೂಂ."

"ಹುಗದಾರೇನು?"

"ತಾವಽ ಹುಗಕೊಂಡಾವ."

"ಸುಟ್ಟಿಲ್ಲಾ?"

"ಸುಟ್ಟಿದ್ರ ಇದ್ದಿಲಾಗ್ತಿತ್ತಲ್ಲ, ಅದಽ ಫರಕು!" ಎಂದರು ತಂದೆಯವರು, ಶಿಷ್ಯೆ ಸಿಕ್ಕ ಸಂತೋಷದಲ್ಲಿ.

"ಅಂದ್ರ ಸಂಸ್ಕಾರಿಲ್ಲದ ಹೆಣ. ನಿಮ್ಮಪ್ಪನ ಶ್ರಾದ್ಧದ ಪಾಯಸಾ ಹೆಣದ ಮ್ಯಾಲೆ ಕುದಸ್ಲೇನೋ?"

ಪಡಸಾಲೆಯಲ್ಲಿ ದರ್ಭೆ ಬಿಡಿಸುತ್ತಿದ್ದ ಪುರೋಹಿತರು ತಲೆಯೆತ್ತದೆ ಹೇಳಿದರು: "ಅಡಿಗಿ ಲಗೂ ಆಗ್ಲಿರಿ. ಸಿಕಂದರಾಬಾದಿನಾಗ ನನ್ನ ಕಾಯ್ಲಿಕತ್ತಾರ. ತಿಥಿ ತಪ್ಪಿದ್ರ ಇನ್ನ ಮುಂದಿನ ವರ್ಷಾನಽ."

ತಂದೆಯವರು ಬೆವರಿದರು. ತಮ್ಮ ಜ್ಞಾನದಿಂದ ತಮ್ಮಪ್ಪನೇ ಉಪವಾಸ ಬೀಳುವ ಪ್ರಸಂಗ ಬಂದಿತ್ತು.

"ಎಲ್ಲಾ ಒಂದಽ ಅಲ್ಲವ್ವಾ. ಕಲ್ಲಿದ್ದಲಿನ್ಯಾಗ ಜಾತಿ ಅವ."

ಅಜ್ಜಿಗೆ ಮೊದಲ ಬಾರಿ ಭೂವಿಜ್ಞಾನದಲ್ಲಿ ಆಸಕ್ತಿ ಹುಟ್ಟಿತು. ತಂದೆಯವರು ಕೆಳಗಿನಿಂದ ಆರಂಭಿಸಿದರು. ಮೊದಲನೆಯದು ಪೀಟ್, ಇನ್ನೂ ಕಲ್ಲಿದ್ದಲಾಗದ ಹಸಿ ಕೊಳೆ. ಎರಡನೆಯದು ಕಂದುಬಣ್ಣದ ಲಿಗ್ನೈಟ್. ಮೂರನೆಯದು ಬಿಟುಮಿನಸ್, ಕಪ್ಪಗೆ ಹೊಗೆಯುಗುಳುತ್ತ ರೈಲನ್ನು ಎಳೆದು, ಕರೆಂಟು ಹುಟ್ಟಿಸುವಂಥದು. ಎಲ್ಲಕ್ಕೂ ಮೇಲೆ ಆಂತ್ರಸೈಟ್: ಫಳಫಳ ಹೊಳೆಯುತ್ತದೆ, ಹೊಗೆಯಿಲ್ಲ, ಬೇಗ ಹೊತ್ತಿಕೊಳ್ಳುವುದಿಲ್ಲ, ಹೊತ್ತಿಕೊಂಡರೆ ಬೇಗ ಆರುವುದಿಲ್ಲ.

"ಥೇಟ್ ನಿಮ್ಮಪ್ಪ" ಎಂದರು ಅಜ್ಜಿ. "ಈ ಚೀಲದಾಗಿನ್ದು ಯಾವ ಜಾತಿ?"

"ಮೂರನೇದು..."

"ಹಂಗಾರ ರೈಲಿಗೇ ಹಾಕು."

ಆಗ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ ನಮ್ಮ ತಾಯಿ ಕೇಳಿದರು: "ಬಾಜೂ ಮನಿಯವರು ಶಗಡಿ ಒಲಿಗೆ ಕೋಕ್ ಹಾಕ್ತಾರಲ್ಲರಿ, ಅದೇನು?"

"ಅದೂ ಕಲ್ಲಿದ್ದಲಽ. ಒಲ್ಯಾಗ ಕಾಸಿ, ಹೊಗಿ, ಡಾಂಬರು ಎಲ್ಲಾ ತಗದಿರ್ತಾರ."

ಅಜ್ಜಿ ತಿರುಗಿದರು. "ಅಂದ್ರ ಒಮ್ಮೆ ಸುಟ್ಟಾರ?"

ಇಲ್ಲಿ ತಂದೆಯವರ ಮುಖದಲ್ಲಿ ನಡೆದ ಯುದ್ಧವನ್ನು ನಾನು ಮರೆತಿಲ್ಲ. ಗಾಳಿ ಬಿಡದೆ ಕಾಯಿಸುವುದು ಸುಡುವುದಲ್ಲ; ಅವರ ಮಟ್ಟಿಗೆ ಈ ಎರಡರ ಅಂತರ ಕಾಶಿಗೂ ರಾಮೇಶ್ವರಕ್ಕೂ ಇರುವಷ್ಟು. ಬಾಯಿ ತೆರೆದರು. ತಾಯಿ ಅವರನ್ನೇ ನೋಡುತ್ತಿದ್ದರು. ಪುರೋಹಿತರು ಗೋಡೆ ಗಡಿಯಾರ ನೋಡುತ್ತಿದ್ದರು.

"ಹೂಂ" ಎಂದರು ತಂದೆಯವರು, ತೀರ ಸಣ್ಣ ದನಿಯಲ್ಲಿ. "ಸುಟ್ಟಾರ."

"ಹಂಗಾರ ಅಗ್ನಿ ಸಂಸ್ಕಾರ ಆಗ್ಯದ. ತರಸು."

ಪಕ್ಕದ ಮನೆಯ ತೆಲುಗು ಅಮ್ಮನವರು ಒಂದು ಬುಟ್ಟಿ ಕೋಕ್ ಕೊಟ್ಟರು. ಅದರ ಮೇಲೆ ತುಳಸಿ ನೀರು ಬಿತ್ತು. ಹೊಗೆಯಿಲ್ಲದೆ ಉರಿಯಿತು, ಪಾಯಸ ಕುದಿಯಿತು, ಅಜ್ಜನಿಗೆ ಹೊತ್ತಿಗೆ ಸರಿಯಾಗಿ ಪಿಂಡ ಬಿತ್ತು.

ಊಟಕ್ಕೆ ಕೂತಾಗ ಅಜ್ಜಿ, ಮಗ ಉಟ್ಟಿದ್ದ ರೇಷ್ಮೆ ಮುಗುಟವನ್ನು ಮೆಚ್ಚಿ ನೋಡಿದರು. "ನಿಮ್ಮಪ್ಪಂದು. ಇಷ್ಟು ವರ್ಷಾದ್ರೂ ಒಂದು ನುಸಿ ಮುಟ್ಟಿಲ್ಲ. ಎಲ್ಲಾ ಪೆಟಿಗ್ಯಾಗಿನ ಆ ಡಾಂಬರ ಗುಳಿಗಿ ಪುಣ್ಯ. ಅದನ್ನ ಯಾತರ್ಲೆ ಮಾಡ್ತಾರೋ ಏನೋ!"

ಕೋಕ್ ಮಾಡುವಾಗ ಕಲ್ಲಿದ್ದಲಿನಿಂದ ತೆಗೆದ ಡಾಂಬರಿನಿಂದ. ಇದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ತಂದೆಯವರಿಗೆ ಆಗಲೇ ಗೊತ್ತಿತ್ತು. ಅವರ ಕಣ್ಣು ಬೆಳಗಿದವು, ತುಟಿ ಬಿಚ್ಚಿಕೊಂಡವು, ತೋರುಬೆರಳು ಎಲೆಯಿಂದ ಮೇಲೆದ್ದಿತು.

ಆಮೇಲೆ ಅದೇ ಬೆರಳಿನಿಂದ ಪಾಯಸ ನೆಕ್ಕಿ, "ಯಾರಿಗ್ಗೊತ್ತವ್ವಾ" ಎಂದರು.