ದನಿ ಇಳಿಯದ ಮೋಟರ್

ಅದು 2022ರ ಮಳೆಗಾಲ. ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಒಂದು ಅಡ್ಡರಸ್ತೆಯಲ್ಲಿ ನನ್ನ ಬ್ಯಾಟರಿ ವರ್ಕ್‌ಶಾಪ್ ಇತ್ತು, ಈಗಲೂ ಇದೆ. ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ, ಒಂದು ಬ್ಯಾಟರಿ ಕಂಪನಿಯ ಸರ್ವಿಸ್ ವಿಭಾಗದಲ್ಲಿ ಹದಿನೆಂಟು ವರ್ಷ ದುಡಿದು, ಆಮೇಲೆ ಸ್ವಂತ ಶೆಡ್ ಹಾಕಿಕೊಂಡವಳು ನಾನು. ಬಸವೇಶ್ವರನಗರದ ಕ್ಲಿನಿಕ್ಕುಗಳ ಯುಪಿಎಸ್, ವಿಜಯನಗರದ ಮನೆಗಳ ಇನ್ವರ್ಟರ್, ಸುಂಕದಕಟ್ಟೆಯ ಎಲೆಕ್ಟ್ರಿಕ್ ಆಟೋಗಳು, ಇವೇ ನನ್ನ ಅನ್ನ. ಹೊಸದಾಗಿ ಬಂದವರು ಮೊದಲು ನನ್ನ ಬೆನ್ನ ಹಿಂದೆ ಇಣುಕಿ, "ಸಾರ್ ಇಲ್ವಾ ಮೇಡಂ?" ಅನ್ನುತ್ತಿದ್ದರು. "ಸಾರೂ ನಾನೇ, ಮೇಡಮ್ಮೂ ನಾನೇ, ಏನಾಗಿದೆ ಹೇಳಿ" ಅನ್ನುತ್ತಿದ್ದೆ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನನಗೆ ನನ್ನ ಕೆಲಸದ ಬಗ್ಗೆ ಸೊಕ್ಕಿತ್ತು. ಮುಂದೆ ನಡೆದದ್ದರಲ್ಲಿ ಆ ಸೊಕ್ಕಿಗೂ ಪಾಲಿದೆ.

ಜುಲೈ ಕೊನೆಯಲ್ಲಿ ತಿಮ್ಮಣ್ಣ ಬಂದರು. ಐವತ್ತು ದಾಟಿದ ವಯಸ್ಸು, ಕೆಂಗೇರಿಯಿಂದಾಚೆಗಿನ ಒಂದು ಕೆರೆಯಲ್ಲಿ ಮೀನು ಹಿಡಿಯುವವರು. ಕೆರೆಯ ಹೆಸರು ಬೇಡ. ಅವರದು ಫೈಬರ್ ದೋಣಿ, ಅದರ ಹಿಂಬದಿಗೆ ಬಿಗಿದ ಟ್ರೋಲಿಂಗ್ ಮೋಟರ್. ಉದ್ದನೆಯ ಕೊಳವೆಯ ತುದಿಯಲ್ಲಿ, ನೀರೊಳಗೆ ರೆಕ್ಕೆ ತಿರುಗಿಸುವ ಚಿಕ್ಕ ವಿದ್ಯುತ್ ಮೋಟರಿಗೆ ಹಾಗೆನ್ನುತ್ತಾರೆ. ಎಂಜಿನ್ನಿನಂತೆ ಅಬ್ಬರಿಸುವುದಿಲ್ಲ, ಮೀನು ಬೆದರುವುದಿಲ್ಲ, ಕೆರೆಗೆ ಎಣ್ಣೆ ಬೀಳುವುದಿಲ್ಲ. ಹನ್ನೆರಡು ವೋಲ್ಟಿನಲ್ಲಿ ಓಡುತ್ತದೆ. ನಿಧಾನಕ್ಕೆ ಹೋದರೆ ಹತ್ತು ಹದಿನೈದು ಆಂಪಿಯರ್ ಸಾಕು, ಪೂರ್ತಿ ತಿರುಗಿಸಿದರೆ ಐವತ್ತರ ಹತ್ತಿರ ಎಳೆಯುತ್ತದೆ.

ಒಂಬತ್ತು ವರ್ಷದಿಂದ ಅವರು ಅದಕ್ಕೆ ಇನ್ವರ್ಟರಿನ ಲೆಡ್ ಆಸಿಡ್ ಬ್ಯಾಟರಿ ಹಾಕುತ್ತಿದ್ದರು. ಐವತ್ತೈದು ಕಿಲೋ ತೂಕ. ದಿನಾ ಸಂಜೆ ಅದನ್ನು ಕೆರೆಯಿಂದ ಮನೆಗೆ ತಂದು ಚಾರ್ಜಿಗೆ ಹಾಕಬೇಕು, ಬೆಳಿಗ್ಗೆ ಮತ್ತೆ ಕೆರೆ ಏರಿ ಹತ್ತಿಸಿ ಇಳಿಸಬೇಕು. ಮೇ ತಿಂಗಳಲ್ಲಿ ಅವರಿಗೆ ಹರ್ನಿಯಾ ಆಪರೇಷನ್ ಆಗಿತ್ತು. ಭಾರ ಎತ್ತಿದರೆ ಹೊಲಿಗೆ ಬಿಡುತ್ತೆ ಎಂದು ಡಾಕ್ಟರು ಹೆದರಿಸಿದ್ದರು. ಆದರೂ ಒಂದು ಕಡೆ ಇವರು, ಇನ್ನೊಂದು ಕಡೆ ಹೆಂಡತಿ ಜಯಮ್ಮ ಹಿಡಿದು ಹೊರುತ್ತಿದ್ದರು. "ಅವಳ ಸೊಂಟಾನೂ ಹೋದ್ರೆ ಮನೇಲಿ ನೆಟ್ಟಗೆ ನಿಲ್ಲೋರೇ ಇರಲ್ಲ ಮೇಡಂ. ಹಗುರ ಇರೋದು ಏನಾದ್ರೂ ಕೊಡಿ" ಎಂದರು.

ಕೊಡಲು ನನ್ನ ಹತ್ತಿರ ಇತ್ತು. ಲಿಥಿಯಂ ಐರನ್ ಫಾಸ್ಫೇಟ್, ನೂರು ಆಂಪಿಯರ್ ಅವರ್, ತೂಕ ಹನ್ನೆರಡು ಕಿಲೋ. ಆಗಷ್ಟೇ ಆಟೋದವರಿಗೆ ಹಾಕಿಕೊಡಲು ಶುರು ಮಾಡಿದ್ದೆ, ಅದರ ಗುಂಗಿನಲ್ಲೇ ಇದ್ದೆ. "ಲೆಡ್ ಬ್ಯಾಟರಿ ಥರ ಮಧ್ಯದಲ್ಲೇ ಮುಗ್ಗರಿಸಲ್ಲ ತಿಮ್ಮಣ್ಣ. ಮೊದಲನೇ ನಿಮಿಷ ಎಷ್ಟು ದಮ್ಮೋ, ಕೊನೇ ನಿಮಿಷಾನೂ ಅಷ್ಟೇ ದಮ್ಮು" ಎಂದೆ. ಮಾತು ನಿಜ. ಲೆಡ್ ಬ್ಯಾಟರಿಯ ವೋಲ್ಟೇಜ್ ಖಾಲಿಯಾಗುತ್ತ ಹೋದಂತೆ ಇಳಿಯುತ್ತ ಹೋಗುತ್ತದೆ. ಲಿಥಿಯಂನಲ್ಲಿ ಅದು ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ತೀರಾ ಖಾಲಿಯಾದರೆ ಸೆಲ್ ಹಾಳಾಗುವುದರಿಂದ, ಒಳಗಿರುವ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟು ಅಷ್ಟರೊಳಗೆ ಕರೆಂಟನ್ನು ಕಡಿದುಬಿಡುತ್ತದೆ. ಹೆಡ್‌ಲೈಟು ಆರಿದಂತೆ, ಒಂದೇ ಸಲಕ್ಕೆ. ಇದು ಬ್ಯಾಟರಿಯ ದೋಷವಲ್ಲ, ಗುಣ.

ಆಗಸ್ಟ್ ಮಧ್ಯದಲ್ಲಿ ಒಂದು ಬೆಳಿಗ್ಗೆ ಬ್ಯಾಟರಿಯನ್ನು ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು ನಾನೇ ಕೆರೆಗೆ ಹೋದೆ. ಜಯಮ್ಮ ಏರಿಯ ಮೇಲೆ ತಕ್ಕಡಿ ಇಟ್ಟುಕೊಂಡು ಮೀನು ಮಾರುತ್ತಿದ್ದರು. ಎದ್ದು ಬಂದು, ಬ್ಯಾಟರಿಯನ್ನು ಬಿಂದಿಗೆಯ ಹಾಗೆ ಸೊಂಟಕ್ಕೇರಿಸಿಕೊಂಡು, ಒಬ್ಬರೇ ನಡೆದುಕೊಂಡು ಹೋಗಿ ದೋಣಿಯಲ್ಲಿಟ್ಟರು. ಇಟ್ಟವರು ತಿರುಗಿ ಗಂಡನ ಮುಖ ನೋಡಿ ನಕ್ಕರು. ಆ ನಗು ನೋಡಿ ನನಗೆ ಆದ ಸಂತೋಷ ಸುಳ್ಳಲ್ಲ.

ದೋಣಿಯಲ್ಲಿ ತಿಮ್ಮಣ್ಣನನ್ನು ಕೇಳಿದೆ, ಹಳೆಯ ಬ್ಯಾಟರಿಗೆ ಮೀಟರ್ ಏನಾದರೂ ಇತ್ತಾ ಎಂದು. ಅವರು ಕಿವಿ ಮುಟ್ಟಿ ತೋರಿಸಿದರು. "ಇದೇ ಮೀಟರು. ಬ್ಯಾಟ್ರಿ ಸುಸ್ತಾಗ್ತಾ ಬಂದ್ರೆ ಮೋಟರ್ ದನಿ ಇಳಿಯುತ್ತೆ ಮೇಡಂ, ನೆಗಡಿ ಆದೋರ ಥರ ಮೂಗಲ್ಲಿ ಮಾತಾಡುತ್ತೆ. ಹಂಗೆ ಮಾತಾಡೋಕೆ ಶುರು ಮಾಡಿದ್ರೆ, ಬಲೆ ಅಲ್ಲೇ ಬಿಟ್ಟು ದಡಕ್ಕೆ ತಿರುಗಿಸ್ತೀನಿ. ಒಂಬತ್ತು ವರ್ಷದಲ್ಲಿ ಒಂದಿನಾನೂ ನಡುನೀರಲ್ಲಿ ನಿಂತಿಲ್ಲ." ನಾನು ನಕ್ಕು, "ಹಾಗಾದ್ರೆ ನಿಮಗೆ ನನ್ನ ಮೀಟರ್ ಯಾಕೆ ಬಿಡಿ" ಎಂದೆ.

ಲಿಥಿಯಂನಲ್ಲಿ ದನಿ ಇಳಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅದನ್ನೇ ಹೊಗಳಿ ಮಾರಿದ್ದೆ. ಈ ಮನುಷ್ಯ ದನಿ ಕೇಳಿಯೇ ದಡಕ್ಕೆ ಬರುತ್ತಾನೆ ಎಂಬುದೂ ಆ ಕ್ಷಣಕ್ಕೆ ಗೊತ್ತಾಯಿತು. ಒಂದೇ ತಲೆಯಲ್ಲಿದ್ದ ಎರಡು ವಿಷಯಗಳು ಒಂದನ್ನೊಂದು ಮುಟ್ಟಲಿಲ್ಲ. ಬ್ಯಾಟರಿ ಪೂರ್ತಿ ಖಾಲಿಯಾಗುವವರೆಗೆ ಓಡಿಸಿ ತೋರಿಸಿದ್ದರೆ ಅವು ಮುಟ್ಟುತ್ತಿದ್ದವು. ಆದರೆ ಹನ್ನೆರಡು ಗಂಟೆಗೆ ಬಸವೇಶ್ವರನಗರದ ಕ್ಲಿನಿಕ್ಕಿಗೆ ಬರುತ್ತೇನೆಂದು ಹೇಳಿದ್ದೆ. ಒಂದು ಗಂಟೆ ಓಡಿಸಿ, ಎಲ್ಲ ಸರಿ ಇದೆ ಎಂದು ದಡಕ್ಕೆ ಬಂದೆವು. ಬ್ಯಾಟರಿಯ ಮಟ್ಟ ತೋರಿಸುವ ಆ್ಯಪ್ ಇದೆ, ಆದರೆ ತಿಮ್ಮಣ್ಣನದು ಗುಂಡಿ ಒತ್ತುವ ಫೋನು. ಚಾರ್ಜ್ ಕಡಿಮೆಯಾದರೆ ಕೂಗುವ, ಬಜರ್ ಇರುವ ಮೀಟರ್ ಸ್ಟಾಕ್ ಇರಲಿಲ್ಲ. ಬಂದ ಮೇಲೆ ಹಾಕಿಕೊಡುತ್ತೇನೆ ಎಂದೆ.

ಹತ್ತು ದಿನ ಬಿಟ್ಟು ಅವರ ಫೋನ್ ಬಂತು. "ಮೇಡಂ, ಇದಕ್ಕೆ ಸುಸ್ತೇ ಆಗಲ್ವಲ್ಲ!" ಹೊಗಳಿಕೆ ಎಂದುಕೊಂಡು ಹಿಗ್ಗಿದೆ. ಈಗ ಯೋಚಿಸಿದರೆ, ಅವರು ಪ್ರಶ್ನೆ ಕೇಳುತ್ತಿದ್ದರೇನೋ. ಆ ವಾರವೇ ಮೀಟರೂ ಬಂತು. ನೀರು ತಾಗದಂತೆ ಅದಕ್ಕೊಂದು ಡಬ್ಬಿ ಮಾಡಬೇಕಿತ್ತು. ಮಳೆಗೆ ಊರೆಲ್ಲ ಕರೆಂಟ್ ಹೋಗಿ ಬಂದು ಇನ್ವರ್ಟರ್ ಕಂಪ್ಲೇಂಟುಗಳ ಸಂತೆಯೇ ನೆರೆದಿತ್ತು. ಮೀಟರು ಶೆಲ್ಫಿನ ಮೇಲೇ ಉಳಿಯಿತು.

ಸೆಪ್ಟೆಂಬರ್ ಮೊದಲ ವಾರ ಕೆರೆ ತುಂಬಿ ಕೋಡಿ ಹರಿಯಿತು. ಹೆಚ್ಚಾದ ನೀರು ಹೊರಗೆ ಹೋಗುವ ಕಲ್ಲುಕಟ್ಟಡವೇ ಕೋಡಿ. ಅಲ್ಲಿ ಹನ್ನೆರಡು ಅಡಿ ಕೆಳಗೆ ಬರಿ ಬಂಡೆ. ಕೋಡಿ ಹರಿಯುವಾಗ ಮೀನುಗಳು ಆ ಸೆಳೆತದ ಕಡೆಗೇ ನೆರೆಯುತ್ತವೆ. ತಿಮ್ಮಣ್ಣ ಪ್ರತಿ ಸಲವೂ ಅದರ ಹತ್ತಿರವೇ ಬಲೆ ಬಿಡುತ್ತಿದ್ದವರು, ಅವರಿಗೆ ಅದು ಹೊಸದಲ್ಲ. ದೋಣಿ ಕೊಚ್ಚಿಕೊಂಡು ಹೋಗದಂತೆ ಮೋಟರನ್ನು ಸೆಳೆತಕ್ಕೆ ಎದುರಾಗಿ ಪೂರ್ತಿ ತಿರುಗಿಸಿ ಹಿಡಿದಿರಬೇಕು, ಅಷ್ಟೆ. ನಿಧಾನಕ್ಕೆ ಓಡಿಸಿದರೆ ಏಳೆಂಟು ಗಂಟೆ ಬರುವ ಬ್ಯಾಟರಿ ಹಾಗೆ ಹಿಡಿದರೆ ಎರಡು ಗಂಟೆ ಚಿಲ್ಲರೆ ಬರುತ್ತದೆ. ಹಳೆಯ ಬ್ಯಾಟರಿಯಾಗಿದ್ದರೆ ಅರ್ಧ ಗಂಟೆ ಮೊದಲೇ ಮೂಗಿನಲ್ಲಿ ಮಾತಾಡುತ್ತಿತ್ತು. ಇದು ಮಾತಾಡಲಿಲ್ಲ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ತುಂಬು ದನಿಯಲ್ಲಿ ಓಡುತ್ತಿದ್ದ ಮೋಟರ್ ಹಾಗೆಯೇ ನಿಂತುಹೋಯಿತು. ತಿಮ್ಮಣ್ಣ ಸ್ವಿಚ್ಚು ಒತ್ತಿ ನೋಡಿದರು, ಹುಟ್ಟು ಹಾಕಿದರು. ಆ ಸೆಳೆತಕ್ಕೆ ಒಂದು ಹುಟ್ಟು ಯಾವ ಲೆಕ್ಕ. ಏರಿಯ ಮೇಲೆ ತಕ್ಕಡಿ ಹಿಡಿದು ನಿಂತಿದ್ದ ಜಯಮ್ಮ ಎಲ್ಲವನ್ನೂ ನೋಡಿದರು. ದೋಣಿ ಕೋಡಿಯ ಮೇಲಿಂದ ಹೋಯಿತು. ತಿಮ್ಮಣ್ಣ ಬಂಡೆಯ ಮೇಲೇ ತೀರಿಕೊಂಡರು.

ಪೊಲೀಸರು ಬ್ಯಾಟರಿಯನ್ನು ನನ್ನ ಹತ್ತಿರವೇ ತಂದರು. ಹಾಕಿಕೊಟ್ಟವಳು ನಾನು, ಪರೀಕ್ಷೆ ಮಾಡಿ ವರದಿ ಕೊಡಬೇಕು. ಬೆಲ್ಟಿನಲ್ಲಿ ಬಿಗಿದಿದ್ದರಿಂದ ಅದು ದೋಣಿಯಲ್ಲೇ ಉಳಿದಿತ್ತು, ಒಳಗೆ ನೀರು ಹೋಗಿರಲಿಲ್ಲ. ಚಾರ್ಜರಿಗೆ ಹಾಕಿ ಎಬ್ಬಿಸಿ, ಆ್ಯಪಿನಲ್ಲಿ ಅದರ ಲೆಕ್ಕಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ. ಮೂರು ಸಲ ತುಂಬಿಸಿ, ಮೂರು ಸಲ ಖಾಲಿ ಮಾಡಿದೆ. ನೂರಕ್ಕೆ ನೂರು ಸರಿ ಇತ್ತು. ಇಂಗ್ಲಿಷಿನಲ್ಲಿ ಒಂದು ಪುಟ ಬರೆದೆ: ಬ್ಯಾಟರಿಯಲ್ಲಿ ದೋಷವಿಲ್ಲ, ಚಾರ್ಜ್ ಮುಗಿದದ್ದರಿಂದ ಬಿಎಂಎಸ್ ನಿಯಮದಂತೆ ಕಡಿತಗೊಳಿಸಿದೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸಹಿ ಹಾಕಿ ಠಾಣೆಗೆ ಕೊಟ್ಟೆ.

ತಿಥಿ ಮುಗಿದ ಮೂರನೆಯ ದಿನ ಮಧ್ಯಾಹ್ನ ಜಯಮ್ಮ ಶೆಡ್ಡಿಗೆ ಬಂದರು. ಕೈಯಲ್ಲಿ ನನ್ನ ವರದಿಯ ಜೆರಾಕ್ಸ್ ಇತ್ತು. ಸ್ಟೂಲಿನ ಮೇಲೆ ಕೂತು, ಅದನ್ನು ನನ್ನ ಕಡೆ ಚಾಚಿದರು.

"ಇದರಲ್ಲಿರೋದು ದಿಟಾನಾ ಮೇಡಂ? ಬ್ಯಾಟ್ರಿ ಸರಿಯಾಗಿತ್ತಾ?"

"ಸರಿಯಾಗಿತ್ತಮ್ಮ."

"ಹಂಗಾದ್ರೆ ನಾನೇ ಅಲ್ವಾ?"

ನನಗೆ ಅರ್ಥವಾಗಲಿಲ್ಲ. ಅವರು ನೆಲ ನೋಡಿಕೊಂಡು ಹೇಳಿದರು. "ಚಾರ್ಜ್ ಹಾಕ್ತಿದ್ದೋಳು ನಾನು. ಹಿಂದಿನ ದಿನ ಸಂಜೆ ಮಳೆಗೆ ಕರೆಂಟ್ ಹೋಗಿತ್ತು, ಬಂದ್ಮೇಲೆ ಮತ್ತೆ ಹಾಕ್ದೆ. ಹಸಿರು ಲೈಟ್ ಬಂದಿದ್ದು ನೋಡ್ದಂಗೆ ನೆನಪು. ಈಗ ಎಲ್ರೂ ಕೇಳಿ ಕೇಳಿ, ನೋಡಿದ್ನೋ ಇಲ್ವೋ ಅನ್ನಿಸ್ತಿದೆ. ಬ್ಯಾಟ್ರಿ ನೆಟ್ಟಗಿತ್ತು ಅಂತ ಮೇಡಮ್ಮೇ ಬರ್ಕೊಟ್ಟವ್ರೆ, ಇನ್ನೇನಿದೆ, ನೀನೇ ಕೊಂದೆ ಅಂತಾರೆ ನಮ್ ಭಾವ, ಅವರ ಅಣ್ಣ."

ನಾನು ಬರೆದಿದ್ದ ಸತ್ಯ ಈ ಹೆಂಗಸಿನ ತಲೆಯ ಮೇಲೆ ಹೋಗಿ ಬಿದ್ದಿತ್ತು. ನನ್ನ ಮೇಲೆ ನನಗೆ ಅಷ್ಟು ಅಸಹ್ಯ ಯಾವತ್ತೂ ಆಗಿರಲಿಲ್ಲ. ಫೋನ್ ತೆಗೆದು ಸ್ಕ್ರೀನ್‌ಶಾಟ್ ತೋರಿಸಿದೆ. ಬ್ಯಾಟರಿ ಎಷ್ಟು ಸಲ ಪೂರ್ತಿ ತುಂಬಿತು, ಎಷ್ಟು ಸಲ ಖಾಲಿಯಾಗಿ ಕಡಿತವಾಯಿತು ಎಂಬುದನ್ನು ಬಿಎಂಎಸ್ ಎಣಿಸಿಡುತ್ತದೆ. ಪೂರ್ತಿ ತುಂಬಿದ್ದು ಇಪ್ಪತ್ತು ಸಲ. ಅದರಲ್ಲಿ ಒಂದು, ಕೊಡುವುದಕ್ಕೆ ಮೊದಲು ನಾನು ಶೆಡ್ಡಿನಲ್ಲಿ ತುಂಬಿಸಿದ್ದು.

"ನಾನು ಬಂದು ಓಡಿಸಿ ನೋಡಿದ ದಿನ ಬಿಟ್ಟು ಅವರು ಎಷ್ಟು ದಿನ ನೀರಿಗೆ ಹೋದ್ರು?" ಎಂದು ಕೇಳಿದೆ. ಜಯಮ್ಮ ಬೆರಳು ಮಡಿಸುತ್ತ ಎಣಿಸಿದರು. "ಹತ್ತೊಂಬತ್ತು."

"ನೀವು ಹತ್ತೊಂಬತ್ತು ಸಲಾನೂ ಪೂರ್ತಿ ತುಂಬಿಸಿದೀರಿ. ಆವತ್ತೂ ತುಂಬಿತ್ತು. ನಿಮ್ಮ ತಪ್ಪು ಒಂದು ಚೂರೂ ಇಲ್ಲ."

ಕೆಳಗಿನ ಸಾಲಿನಲ್ಲಿ ಕಡಿತದ ಲೆಕ್ಕವಿತ್ತು. ಒಂದು. ಬ್ಯಾಟರಿ ಕೊನೆಗೆ ಹೇಗೆ ನಿಲ್ಲುತ್ತದೆ ಎಂದು ತಿಮ್ಮಣ್ಣ ಕಂಡದ್ದು ಅದೊಂದೇ ಸಲ. ಅವರು ಕಿವಿ ಮುಟ್ಟಿ ತೋರಿಸಿದ್ದು, ನಾನು ನಕ್ಕದ್ದು, ದನಿ ಇಳಿಯುವುದಿಲ್ಲ ಎಂದು ಗೊತ್ತಿದ್ದೂ ಹೇಳದೆ ಹೋದದ್ದು, ಎಲ್ಲವನ್ನೂ ಜಯಮ್ಮನಿಗೆ ಹೇಳಿದೆ. ಶೆಲ್ಫಿನ ಮೇಲಿದ್ದ ಮೀಟರನ್ನೂ ತೋರಿಸಿದೆ.

ಅವರು ಅಳಲಿಲ್ಲ. "ಇದನ್ನ ಅವರಿಗೆ ಹೇಳೋಕೆ ಎಷ್ಟೊತ್ತು ಬೇಕಾಗ್ತಿತ್ತು ಮೇಡಂ?" ಎಂದು ಕೇಳಿದರು.

"ಒಂದು ನಿಮಿಷ" ಎಂದೆ.

ಜೆರಾಕ್ಸನ್ನು ಮಡಿಸಿ ಮೇಜಿನ ಮೇಲಿಟ್ಟು ಅವರು ಎದ್ದರು. "ಬರ್ಕೊಡಿ. ನಮ್ ಭಾವ ಓದೋ ಹಂಗೆ, ಕನ್ನಡದಲ್ಲಿ."

ಬರೆದೆ. ಎರಡು ಪುಟ. ಮಾರಿದವಳು ಎಚ್ಚರಿಸಬೇಕಾಗಿತ್ತು, ಎಚ್ಚರಿಸಲಿಲ್ಲ ಎಂಬ ಸಾಲಿನ ಕೆಳಗೆ ಸಹಿ ಹಾಕಿದೆ. ಠಾಣೆಗೆ ಒಯ್ದಾಗ ಅಲ್ಲಿನ ಅಧಿಕಾರಿ ಓದಿ ನೋಡಿ, "ಮುಗಿದಿರೋದನ್ನ ಯಾಕೆ ಮೈಮೇಲೆ ಎಳ್ಕೋತೀರಾ ಮೇಡಂ?" ಎಂದರು. ಸೇರಿಸಿಕೊಳ್ಳಿ ಎಂದೆ, ಸೇರಿಸಿಕೊಂಡರು. ಒಂದೆರಡು ಸಲ ಕರೆಸಿ ಹೇಳಿಕೆ ಬರೆದುಕೊಂಡರು, ಅಲ್ಲಿಗೆ ಅದು ನಿಂತಿತು. ಇನ್ನೊಂದು ಪ್ರತಿಯನ್ನು ಕೆಂಗೇರಿಯಾಚೆಯ ಅವರ ಮನೆಗೆ ಒಯ್ದು, ಭಾವನ ಎದುರು ನಾನೇ ಗಟ್ಟಿಯಾಗಿ ಓದಿದೆ. ಅವರು ಕೊನೆಯವರೆಗೂ ಗೋಡೆ ನೋಡಿಕೊಂಡು ಕೂತಿದ್ದರು. ಜಯಮ್ಮ ಒಳಗಿಂದ ಬರಲೇ ಇಲ್ಲ. ಕ್ಷಮಿಸಿದ್ದೇನೆ ಎಂದು ಅವರು ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಿಲ್ಲ. ಹೇಳಬೇಕು ಎಂದು ನಾನೂ ಕಾಯುತ್ತಿಲ್ಲ.

ಈಗ ನನ್ನ ಶೆಡ್ಡಿನಲ್ಲಿ ಒಂದು ಪದ್ಧತಿ ಇದೆ. ಲಿಥಿಯಂ ಕೇಳಿ ಬಂದವರಿಗೆ, ಎಷ್ಟು ಲೋಡು ಎಂದು ಕೇಳುವುದಕ್ಕೆ ಮೊದಲು, ಹಳೆಯದು ಮುಗಿಯುತ್ತಿದೆ ಎಂದು ನಿಮಗೆ ಹೇಗೆ ಗೊತ್ತಾಗುತ್ತಿತ್ತು ಎಂದು ಕೇಳುತ್ತೇನೆ. ಒಬ್ಬರು ಬಲ್ಬು ಮಂಕಾಗುತ್ತಿತ್ತು ಅನ್ನುತ್ತಾರೆ, ಇನ್ನೊಬ್ಬರು ಫ್ಲೈಓವರ್ ಹತ್ತುವಾಗ ಆಟೋ ತೇಕುತ್ತಿತ್ತು ಅನ್ನುತ್ತಾರೆ. ಆ ಗುರುತು ಇನ್ನು ಸಿಗುವುದಿಲ್ಲ ಎಂದು ಹೇಳಿ, ಬಜರ್ ಇರುವ ಮೀಟರನ್ನು ಮೊದಲು ಕೂರಿಸುತ್ತೇನೆ. ಆಮೇಲೆ ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಬಜರ್ ಕೂಗದಂತೆ ಅದರ ವೈರ್ ಬಿಚ್ಚಿ, ಬ್ಯಾಟರಿಗೆ ಒಂದು ಮೋಟರ್ ತಗುಲಿಸಿ, ಪೂರ್ತಿ ಖಾಲಿಯಾಗುವವರೆಗೆ ಓಡಿಸುತ್ತೇನೆ. ಎರಡು ಗಂಟೆ ಹಿಡಿಯುತ್ತದೆ. ಮೋಟರ್ ತುಂಬು ದನಿಯಲ್ಲಿ ಓಡುತ್ತಲೇ ಇರುತ್ತದೆ, ಓಡುತ್ತ ಓಡುತ್ತಲೇ ನಿಲ್ಲುತ್ತದೆ. ಫೋನ್ ನೋಡುತ್ತ ಕೂತವರು ತಟ್ಟನೆ ತಲೆ ಎತ್ತುತ್ತಾರೆ.

"ಇಷ್ಟು ಹೊತ್ತು ಕೂರಲೇಬೇಕಾ ಮೇಡಂ?" ಎಂದು ಗೊಣಗುವವರು ಇದ್ದೇ ಇದ್ದಾರೆ. ಕೂರಬೇಕು ಅನ್ನುತ್ತೇನೆ. ಹೇಳುವುದಕ್ಕಾದರೆ ಒಂದು ನಿಮಿಷ ಸಾಕು. ಆ ಒಂದು ನಿಮಿಷವನ್ನು ನಾನು ಕೊಡಲಿಲ್ಲ.