ಬೀಡಿಗೆ ಕೊಂಬು

ಬೀಡಿ ಎಂದು ಬರೆಯುವಾಗ ಕೊನೆಯ ಅಕ್ಷರಕ್ಕೆ ಗುಡಿಸು ಕೊಡಬೇಕು. ಗುಡಿಸು ತೆಗೆದು ಕೊಂಬು ಕೊಟ್ಟರೆ ಅದು ಬೀಡು. ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತಿರುವ ಸಂಗತಿ ಇದು. ಆದರೆ ನರಿಕೊಂಬು ಎಂಬ ಊರಿನ ಸುಧಾಕರ ಇದನ್ನೇ ತನ್ನ ಜೀವಮಾನದ ಸಾಧನೆ ಮಾಡಿಕೊಳ್ಳಲು ಹೊರಟಿದ್ದ. ಬೀಡು ಎಂದರೆ ನಮ್ಮ ಕಡೆ ದೊಡ್ಡವರ ಮನೆ. ಚಾವಡಿ, ಕೆತ್ತನೆಯ ಕಂಬ, ಊರಿನ ನ್ಯಾಯ ತೀರ್ಮಾನ, ಎಲ್ಲ ಇರುವಂಥದ್ದು. ಸುಧಾಕರನ ಮನೆಗೆ ಇದ್ದದ್ದು ಹಂಚಿನ ಮಾಡು, ಎದುರಿಗೊಂದು ಸಿಮೆಂಟಿನ ಜಗಲಿ. ಆ ಜಗಲಿಯಲ್ಲಿ ಗೋಡೆಗೆ ಒರಗಿ ಕುಳಿತು ಅವನ ಅಕ್ಕ ಶಶಿಪ್ರಭಾ ಬೀಡಿ ಕಟ್ಟುತ್ತಿದ್ದಳು. ಅವಳು ಒರಗುವ ಜಾಗದಲ್ಲಿ ಸುಣ್ಣ ನಿಲ್ಲುವುದಿಲ್ಲ, ಎಷ್ಟು ಸಲ ಬಳಿದರೂ ಎಣ್ಣೆ ಹಿಡಿದು ಕಪ್ಪಾಗುತ್ತದೆ.

ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಸಾಕಿದವಳು ಅವಳೇ. ಅವಳು ಕಟ್ಟಿದ ಬೀಡಿಯ ಕಟ್ಟುಗಳನ್ನು ಸಂಜೆ ಬ್ರಾಂಚಿಗೆ ಮುಟ್ಟಿಸುವುದು ಆಗ ಸುಧಾಕರನ ಕೆಲಸ. ಬ್ರಾಂಚ್ ಎಂದರೆ ಬ್ಯಾಂಕಿನದ್ದಲ್ಲ. ಎಲೆಯೂ ಹೊಗೆಸೊಪ್ಪೂ ಕೊಟ್ಟು, ಕಟ್ಟಿದ ಬೀಡಿ ತೆಗೆದುಕೊಳ್ಳುವ ಕೋಣೆ. ಅದು ಅವರ ಮನೆಯ ಎದುರಿಗೇ ಇತ್ತು. ಅಂಗಿಗೆ ಹತ್ತಿದ ಹೊಗೆಸೊಪ್ಪಿನ ವಾಸನೆಯಿಂದಾಗಿ ಶಾಲೆಯಲ್ಲಿ ಅವನಿಗೆ ‘ಬೀಡಿ ಸುಧಾ’ ಎಂದೇ ಹೆಸರು ಬಿತ್ತು. ಹುಡುಗರು ಹೇಳಿದ್ದನ್ನು ಹುಡುಗರು ಮರೆತರು. ಇವನು ಮಾತ್ರ ಮರೆಯಲಿಲ್ಲ.

ಮುಂದೆ ಮಸ್ಕತ್ತಿಗೆ ಹೋದ. ಪಾಸ್‌ಪೋರ್ಟಿಗೂ ಟಿಕೆಟ್ಟಿಗೂ ಹೋದದ್ದು ಅಕ್ಕನ ಬೀಡಿಯ ದುಡ್ಡೇ. ಅಲ್ಲಿನ ಹೋಟೆಲಿನಲ್ಲಿ ಅಡುಗೆ ಭಟ್ಟನಾಗಿ ತಲೆಗೂದಲು ನೆರೆಸಿಕೊಂಡ, ಮದುವೆಯ ವಯಸ್ಸನ್ನೂ ಅಲ್ಲೇ ಕಳೆದ. ಹೋಟೆಲು ಮುಚ್ಚಿದಾಗ ಊರಿಗೆ ಬಂದು, ಅಕ್ಕ ಮಾಡುವ ಕೋರಿ ಸುಕ್ಕದ, ಅಂದರೆ ಒಣ ಕೋಳಿ ಪದಾರ್ಥದ, ಮಸಾಲೆ ಪುಡಿಯನ್ನು ಮಾರಲು ಶುರುಮಾಡಿದ. ಆ ಪುಡಿಯ ವಿಷಯದಲ್ಲಿ ಮಾತ್ರ ಯಾರೂ ಎರಡು ಮಾತಾಡುವ ಹಾಗಿಲ್ಲ. ಬೆಳಿಗ್ಗೆ ತಲೆಗೆ ಮಿಂದು, ಹಿಂದಿನ ಕೋಣೆಯಲ್ಲಿ ಅವಳು ತೆಂಗಿನೆಣ್ಣೆ ಬಿಟ್ಟು ಮೆಣಸು ಹುರಿಯಲು ನಿಂತಳೆಂದರೆ ದಾರಿಯಲ್ಲಿ ಹೋಗುವವರಿಗೆ ಹಸಿವಾಗುತ್ತಿತ್ತು. ಮಧ್ಯಾಹ್ನದ ಮೇಲೆ ಬೀಡಿ. “ಇನ್ನು ಅದನ್ನು ಬಿಡು ಅಕ್ಕ” ಎಂದರೆ ಅವಳು ಕೇಳುತ್ತಿರಲಿಲ್ಲ. “ಬಿಟ್ಟು ಎಂಥ ಮಾಡುವುದು ಮಾರಾಯ? ಸುಮ್ಮನೆ ಕೂತ್ರೆ ನನಗೆ ಕೈ ನೋಯ್ತದೆ” ಎನ್ನುತ್ತಿದ್ದಳು.

ಪುಡಿಗೆ ಹೆಸರಿಡುವಾಗ ಸುಧಾಕರ ‘ನರಿಕೊಂಬು ಬೀಡು’ ಎಂದು ಇಟ್ಟ.

“ಯಾವ ಬೀಡು? ನಮ್ಮದಾ?” ಶಶಿಪ್ರಭಾ ನಕ್ಕುಬಿಟ್ಟಳು.

“ಹೆಸರಿಗೆ ಮಾತ್ರ, ಅಕ್ಕ. ಹೊರಗಿನವರಿಗೆ ಇಷ್ಟ ಆಗ್ತದೆ.”

ಮನೆಯೆದುರು ಹಾಕಿದ ಬೋರ್ಡು ನೋಡಿ ಊರ ಅಂಗಡಿಯ ಧರ್ಣಪ್ಪ ಬಿಟ್ಟಾನೇ? “ನರಿಗೆ ಮೊದಲೇ ಕೊಂಬು ಇತ್ತು, ಈಗ ಬೀಡು ಸಹ ಬಂತಾ?” ಎಂದು ನಾಲ್ಕು ಜನರ ಎದುರು ಕೇಳಿದ. ಸುಧಾಕರ ಕೇಳದವನ ಹಾಗೆ ಮುಂದೆ ಹೋದ. ವೆಬ್‌ಸೈಟ್ ಮಾಡಿಸಿ, ‘ಬೀಡಿನ ಅಕ್ಕನ ಕೈರುಚಿ’ ಎಂದು ಮೇಲೆ ಬರೆಸಿದ. ಕೆಳಗೆ ಮಸಾಲೆ ಹಿಡಿದ ಎರಡು ಕೈಗಳ ಫೋಟೋ ಬೇಕಿತ್ತು. ಅಕ್ಕನ ಬೆರಳ ತುದಿಗಳು ಹೊಗೆಸೊಪ್ಪಿನಿಂದ ಹಳದಿಗಟ್ಟಿದ್ದವು. ಹಾಗಾಗಿ ಅಕ್ಕನ ಮಗಳು ತೃಷಾಳ ಕೈಗೆ ಬಳೆ ಹಾಕಿಸಿ ಅದರ ಫೋಟೋ ತೆಗೆಸಿದ. ತೃಷಾ ಮೂಡುಬಿದಿರೆಯಲ್ಲಿ ಬಿ.ಕಾಂ. ಓದುವವಳು, ವಾರದ ಕೊನೆಗೆ ಮನೆಗೆ ಬರುತ್ತಿದ್ದಳು. “ಅಮ್ಮನ ಕೈಯೇ ಇರಲಿ ಮಾವ” ಎಂದಿದ್ದಳು ಪಾಪ. ಇವನು ಬೆಳಕು ಸರಿ ಬರುವುದಿಲ್ಲ ಎಂದ.

ಹೀಗಿರುವಾಗ ಕಕ್ಕಿಂಜೆಯ ಇರ್ಷಾದನ ಫೋನ್ ಬಂತು. ಮಸ್ಕತ್ತಿನಲ್ಲಿ ಸುಧಾಕರನ ರೂಮಿನಲ್ಲೇ ಇದ್ದವ, ಈಗಲೂ ಅಲ್ಲೇ ಇರುವವ. “ನಿನ್ನ ಕ್ಯೂಆರ್ ಕೋಡ್ ಇಲ್ಲಿ ನಡೆಯುವುದಿಲ್ಲ ಮಾರಾಯ. ಇಲ್ಲಿಯವರಿಗೆ ಕಾರ್ಡಿನಲ್ಲಿ ಕೊಡ್ಲಿಕ್ಕೆ ಆಗುವ ಹಾಗೆ ಮಾಡು. ಇಡೀ ಬಿಲ್ಡಿಂಗಿನವರು ನಿನ್ನ ಪುಡಿಗೆ ಕಾಯ್ತಾ ಇದ್ದಾರೆ” ಎಂದ.

ಕಾರ್ಡಿನ ಹಣ ಬರಬೇಕಾದರೆ ಪೇಮೆಂಟ್ ಗೇಟ್‌ವೇ ಎಂಬುದೊಂದು ಬೇಕಂತೆ. ತೃಷಾ ಅದನ್ನು ವಿವರಿಸಿದಳು: “ಗಿರಾಕಿಯ ಕಾರ್ಡಿಗೂ ನಮ್ಮ ಬ್ಯಾಂಕಿಗೂ ನಡುವೆ ಹೊಳೆಗೆ ಹಾಕಿದ ಒಂದು ಸಂಕ ಇದ್ದ ಹಾಗೆ ಮಾವ. ದಾಟಿಸಿದ್ದಕ್ಕೆ ಅವರು ಸ್ವಲ್ಪ ಹಿಡ್ಕೊಳ್ತಾರೆ.” ಅವಳು ಮೂರು ಕಂಪನಿಗಳನ್ನು ಹುಡುಕಿ ಇಟ್ಟಿದ್ದಳು. ಒಂದರಲ್ಲಿ ಕಮಿಷನ್ ಕಡಿಮೆ, ಆದರೆ ಹೊರದೇಶದ ಕಾರ್ಡಿಗೆ ಬೇರೆಯೇ ಅರ್ಜಿ. ಇನ್ನೊಂದು ಹೊರದೇಶದ ಕಾರ್ಡನ್ನು ಮೊದಲ ದಿನದಿಂದಲೇ ತೆಗೆದುಕೊಳ್ಳುತ್ತದೆ, ಹಣವೂ ಬೇಗ ಬರುತ್ತದೆ. ಮೂರನೆಯದು ಕಮಿಷನ್ನಿನಲ್ಲೂ ಜಾಸ್ತಿ, ಹಣ ಹಾಕುವುದರಲ್ಲೂ ನಿಧಾನ. ಆದರೆ ಗಿರಾಕಿ ಹಣ ಕಟ್ಟುವ ಪುಟದಲ್ಲಿ ಅಂಗಡಿಯ ಹೆಸರನ್ನು ದೊಡ್ಡದಾಗಿ, ಹಿಂದೆ ಚಿತ್ರವಿಟ್ಟು ತೋರಿಸುತ್ತದೆ. ತೃಷಾ ಎರಡನೆಯದೇ ಸರಿ ಎಂದಳು. ಸುಧಾಕರ ಮೂರನೆಯದಕ್ಕೆ ಕೈಯಿಟ್ಟ. ಮಸ್ಕತ್ತಿನಲ್ಲಿ ಕುಳಿತವನ ಮೊಬೈಲಿನಲ್ಲಿ ‘ನರಿಕೊಂಬು ಬೀಡು’ ಎಂದು, ಹಿಂದೆ ದೊಡ್ಡ ಕಂಬಗಳ ಚಾವಡಿಯ ಚಿತ್ರದೊಂದಿಗೆ ಮೂಡುವುದು ಅವನ ಕಣ್ಣಿಗೆ ಕಟ್ಟಿತ್ತು. ಆ ಚಾವಡಿ ಯಾರದ್ದೋ, ದೇವರಿಗೇ ಗೊತ್ತು.

ದಾಖಲೆಗಳನ್ನು ಕಳಿಸಿದ್ದಾಯಿತು. ಉತ್ತರ ನೋಡಿ ಅವನ ಮುಖ ಸಣ್ಣಗಾಯಿತು. ಅಂಗಡಿಯ ಹೆಸರಿನಲ್ಲಿ ಬೀಡು, ಕರೆಂಟ್ ಬಿಲ್ಲಿನ ವಿಳಾಸದಲ್ಲಿ ‘ಬೀಡಿ ಬ್ರಾಂಚಿನ ಹಿಂದೆ’. ಇಂಗ್ಲಿಷಿನಲ್ಲಿ ಓದಿದವರಿಗೆ ಎರಡೂ ಒಂದೇ ಅನ್ನಿಸಿತೋ ಏನೋ, ತಂಬಾಕಿನ ವ್ಯಾಪಾರವೆಂಬ ಅನುಮಾನದಿಂದ ಅರ್ಜಿಯನ್ನು ತಡೆಹಿಡಿದಿದ್ದಾರೆ, ವಿಡಿಯೋ ಕಾಲ್ ಮಾಡಿ ಜಾಗ ನೋಡುತ್ತಾರಂತೆ. ಗುಡಿಸಿ ಹೊರಗೆ ಹಾಕಿದ್ದು ಹಿಂಬಾಗಿಲಿನಿಂದ ಒಳಗೆ ಬಂದಿತ್ತು.

ಆ ಶನಿವಾರ ಊಟದ ಹೊತ್ತಿಗೆ ಅವನು ಅಕ್ಕನಿಗೆ ಹೇಳಿದ: “ಸಂಜೆ ಫೋನ್ ಬರ್ತದೆ. ಆಗ ಜಗಲಿಯಲ್ಲಿ ಕೂರ್ಬೇಡ, ಆಯ್ತಾ?” ಅವಳು ತಲೆಯಾಡಿಸಿದಳು. ಆದರೆ ಫೋನು ಹೇಳಿದ್ದಕ್ಕಿಂತ ಮೊದಲೇ ಬಂತು.

ಆ ಕಡೆ ಇದ್ದವಳು ಬೆಂಗಳೂರಿನ ಸಾತ್ವಿಕಾ ಎಂಬ ಹುಡುಗಿ, ಗೇಟ್‌ವೇ ಕಂಪನಿಯವಳು. ತೃಷಾ ಮೊಬೈಲ್ ಹಿಡಿದುಕೊಂಡಳು, ಸುಧಾಕರ ತೋರಿಸುತ್ತಾ ನಡೆದ. ಹುರಿಯುವ ಕೋಣೆ, ಪುಡಿ ಮಾಡುವ ಯಂತ್ರ, ಗೋಡೆಯಲ್ಲಿ ಆಹಾರ ಇಲಾಖೆಯ ಲೈಸೆನ್ಸು. “ಎಲ್ಲ ಚೆನ್ನಾಗಿದೆ ಸರ್. ಹೊರಗಡೆ ಬೋರ್ಡ್ ತೋರಿಸ್ತೀರಾ?” ಎಂದಳು ಸಾತ್ವಿಕಾ. ಬೋರ್ಡಿಗೆ ಹೋಗಬೇಕಾದರೆ ಜಗಲಿ ದಾಟಬೇಕು.

ಜಗಲಿಯಲ್ಲಿ ಶಶಿಪ್ರಭಾ ಕುಳಿತಿದ್ದಳು. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ, ಕತ್ತರಿ, ನೂಲು.

“ಅವರು ಯಾರು ಸರ್? ತೊಡೆ ಮೇಲೆ ಇಟ್ಕೊಂಡಿರೋದು ಏನು?”

ಅಂಗಿಯಲ್ಲಿ ವಾಸನೆ ಹೊತ್ತು ಹಿಂದಿನ ಬೆಂಚಿನಲ್ಲಿ ಕುಳಿತ ಹುಡುಗ ಇಷ್ಟು ವರ್ಷ ಸುಧಾಕರನೊಳಗೇ ಕುಳಿತಿದ್ದ. ಈಗ ಬಾಯಿ ತೆರೆದದ್ದು ಆ ಹುಡುಗನೇ.

“ಅವರು ಪಕ್ಕದ ಮನೆಯವರು. ಸುಮ್ಮನೆ ಮಾತಾಡ್ಲಿಕ್ಕೆ ಬಂದದ್ದು.”

ಶಶಿಪ್ರಭಾ ತಲೆಯೆತ್ತಿದಳು. ಮೊಬೈಲನ್ನು ನೋಡಲಿಲ್ಲ, ತಮ್ಮನನ್ನು ನೋಡಿದಳು. ಬಿದ್ದಿದ್ದ ನೂಲಿನ ಉಂಡೆಯನ್ನು ಮೊರಕ್ಕೆ ಹಾಕಿ, ಗೋಡೆ ಹಿಡಿದು ಎದ್ದಳು. ಮನೆಯಲ್ಲಿ ಆಡುವ ತುಳು ಬಿಟ್ಟು, ಶಾಲೆಯಲ್ಲಿ ಕಲಿತ ಕನ್ನಡದಲ್ಲಿ, “ನಾನು ಬರ್ತೇನೆ ಧಣಿಗಳೇ. ನಿಮ್ಮ ಕೆಲಸ ಆಗಲಿ” ಎಂದಳು. ಮೊರವನ್ನು ಸೊಂಟಕ್ಕೆ ಆನಿಸಿಕೊಂಡು ಅಂಗಳ ದಾಟಿ, ಗೇಟು ತೆರೆದು, ಮತ್ತೆ ಮುಚ್ಚಿ, ನಿಜವಾಗಿಯೂ ಪಕ್ಕದ ಮನೆಗೆ ನಡೆದಳು. ತಮ್ಮನ ಸುಳ್ಳಿಗೆ ಒಂದು ಕೂದಲಿನಷ್ಟೂ ಊನ ಬಾರದ ಹಾಗೆ ನಡೆದಳು, ಮಹಾತಾಯಿ.

“ಮನೆಯವರೇ ಆಗಿದ್ರೂ ಏನೂ ಪ್ರಾಬ್ಲಮ್ ಇರ್ಲಿಲ್ಲ ಸರ್” ಎಂದಳು ಸಾತ್ವಿಕಾ. “ನೀವು ವೆಬ್‌ಸೈಟಲ್ಲಿ ಬೀಡಿ ಮಾರಲ್ಲ, ಮಸಾಲೆ ರೂಮ್ ಬೇರೆ ಇದೆ. ನಮಗೆ ಅಷ್ಟು ಸಾಕು. ಅಂದ ಹಾಗೆ, ಬೀಡಿನ ಅಕ್ಕ ಅಂತ ಹಾಕಿದೀರಲ್ಲ, ಅವರನ್ನ ಒಂದ್ಸಲ ನೋಡಬಹುದಾ?”

ಸುಧಾಕರ ಗೇಟಿನ ಕಡೆ ನೋಡಿದ. ಆಗಲಾದರೂ ಓಡಿಹೋಗಿ ಕರೆದು ತರಬಹುದಿತ್ತು. “ಅಕ್ಕ ಪೇಟೆಗೆ ಹೋಗಿದ್ದಾರೆ, ಬಂಟ್ವಾಳಕ್ಕೆ” ಎಂದ.

ಫೋನ್ ಇಟ್ಟ ಮೇಲೆ ತೃಷಾ ಬೈಯಲಿಲ್ಲ, ಕೂಗಾಡಲಿಲ್ಲ. ಮೆಟ್ಟಿಲ ಹತ್ತಿರ ಅವಳ ಅಮ್ಮನ ಚಪ್ಪಲಿ ಇದ್ದಲ್ಲೇ ಇತ್ತು. ತನ್ನ ಮನೆಯ ಜಗಲಿಯಲ್ಲಿ ಕುಳಿತವಳಿಗೆ ಚಪ್ಪಲಿ ಯಾಕೆ ಬೇಕು?

“ಮಾವ, ಅಮ್ಮ ಬರಿಗಾಲಲ್ಲಿ ಹೋದ್ರು” ಎಂದಳು ಅಷ್ಟೆ.

ಸುಧಾಕರನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾಚಿಕೆ ಎಂದರೆ ಏನೆಂದು ತನಗೆ ಚಿಕ್ಕಂದಿನಿಂದಲೇ ಗೊತ್ತು ಎಂದುಕೊಂಡಿದ್ದ ಮನುಷ್ಯ. ‘ಬೀಡಿ ಸುಧಾ’ ಎಂದಾಗ ಆಗುತ್ತಿದ್ದದ್ದು ಬರೀ ಸಿಟ್ಟು. ನಾಚಿಕೆಯಾದದ್ದು ಈಗ.

ಅಕ್ಕನ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಪಕ್ಕದ ಮನೆಗೆ ಹೋದ. ಅದು ನಫೀಸಮ್ಮನ ಮನೆ. ನಫೀಸಮ್ಮನೂ ಶಶಿಪ್ರಭಾಳೂ ಒಂದೇ ಬ್ರಾಂಚಿಗೆ ಬೀಡಿ ಕೊಟ್ಟುಕೊಂಡೇ ಮುದುಕಿಯರಾಗುತ್ತಿರುವವರು. “ಬಾ ಸುಧಾಕರ. ನಿನ್ನ ಅಕ್ಕನಿಗೆ ಎಂಥ ಆಗಿದೆ? ಬಂದಾಗಿನಿಂದ ಬಾಯಿಗೆ ಬೀಗ” ಎಂದರು ನಫೀಸಮ್ಮ. ಶಶಿಪ್ರಭಾ ಎಲೆ ಕತ್ತರಿಸುತ್ತಿದ್ದಳು. ಅವನು ಚಪ್ಪಲಿಯನ್ನು ಅವಳ ಪಾದದ ಹತ್ತಿರ ಇಟ್ಟ.

“ಈರ್ ದಾಯೆ ಬತ್ತಿನಿ?” ಎಂದಳು ತುಳುವಿನಲ್ಲಿ. ನೀವು ಯಾಕೆ ಬಂದದ್ದು?

ತುಳುವಿನಲ್ಲಿ ತಮ್ಮನಿಗೆ ‘ಈ’, ಧಣಿಗಳಿಗೆ ‘ಈರ್’. ನೀನು, ನೀವು. ಸುಧಾಕರ ಹುಟ್ಟಿದಂದಿನಿಂದ ಅವಳಿಗೆ ‘ಈ’ ಆಗಿದ್ದವನು. ಕಂಕುಳಲ್ಲಿ ಎತ್ತಿಕೊಂಡಾಗ, ಬೆತ್ತ ಹಿಡಿದು ಓದಿಸಿದಾಗ, ವಿಮಾನ ನಿಲ್ದಾಣದಲ್ಲಿ ಕಣ್ಣೊರೆಸಿಕೊಂಡಾಗ ಎಲ್ಲ ‘ಈ’. ಬೀಡಿಗೆ ಕೊಂಬು ಕೊಟ್ಟವನಿಗೆ ಅಕ್ಕ ಈಗ ಒಂದು ‘ರ್’ ಕೊಟ್ಟಿದ್ದಳು.

ಕತ್ತಲಾಗುವ ಮೊದಲೇ ಅವಳು ಮನೆಗೆ ಬಂದಳು. ಅಡುಗೆ ಮಾಡಿದಳು, ಬಡಿಸಿದಳು, ಮೀನಿನ ದೊಡ್ಡ ತುಂಡನ್ನು ಎಂದಿನಂತೆ ಅವನ ಬಟ್ಟಲಿಗೇ ಹಾಕಿದಳು. ಮರುದಿನ ಮಸಾಲೆಯನ್ನೂ ಹುರಿದಳು. ಮಾತು ಮಾತ್ರ ‘ಈರ್’.

“ತಪ್ಪಾಯ್ತು ಅಕ್ಕ” ಎಂದ.

“ತಪ್ಪು ಎಂಥದ್ದು? ನಿಮ್ಮ ವ್ಯವಹಾರಕ್ಕೆ ಬೇಕಾಗಿ ಹೇಳಿದ್ದು.”

ಜಗಲಿಯಲ್ಲಿ ಅವಳು ಕೂರುವುದು ನಿಂತುಹೋಯಿತು. ಮಧ್ಯಾಹ್ನವಾದರೆ ಮೊರ ಎತ್ತಿಕೊಂಡು, ಚಪ್ಪಲಿ ಮೆಟ್ಟಿಕೊಂಡು ನಫೀಸಮ್ಮನಲ್ಲಿಗೆ. ಜಗಲಿಯಲ್ಲಿ ಉಳಿದದ್ದು ಅವಳು ಒರಗುತ್ತಿದ್ದ ಗೋಡೆಯ ಕಪ್ಪು ಕಲೆ ಮಾತ್ರ. ಸುಧಾಕರನಿಗೆ ಅದನ್ನು ನೋಡಿದರೆ ಅನ್ನ ಇಳಿಯುತ್ತಿರಲಿಲ್ಲ. ತಡೆಯಲಾರದೆ ಸಾತ್ವಿಕಾಳಿಗೆ ಫೋನ್ ಮಾಡಿದ.

“ಮೇಡಂ, ಅವತ್ತು ಜಗಲಿಯಲ್ಲಿ ಇದ್ದದ್ದು ಪಕ್ಕದ ಮನೆಯವರಲ್ಲ. ನನ್ನ ಅಕ್ಕ. ನಾನು ಸುಳ್ಳು ಹೇಳಿದ್ದು.”

“ಪರ್ವಾಗಿಲ್ಲ ಸರ್. ಅದನ್ನ ಬರೆಯೋಕೆ ನಮ್ಮಲ್ಲಿ ಕಾಲಂ ಇಲ್ಲ. ನಿಮ್ಮದು ಅಪ್ರೂವ್ ಆಗಿದೆ, ನಾಳೆಯಿಂದ ಕಾರ್ಡ್ ತಗೋಬಹುದು” ಎಂದಳು. ಅವನ ತಪ್ಪೊಪ್ಪಿಗೆ ಕಂಪನಿಗೆ ಬೇಕಾಗಿರಲಿಲ್ಲ. ಬೇಕಾಗಿದ್ದವಳು ಪಕ್ಕದ ಮನೆಯಲ್ಲಿ ಕುಳಿತಿದ್ದಳು.

ಕಾರ್ಡಿನ ಮೊದಲ ಆರ್ಡರ್ ಇರ್ಷಾದನದ್ದೇ ಬಂತು. ಹಣ ಕಟ್ಟುವ ಪುಟದ ಕೆಳಗೆ ಗಿರಾಕಿ ಏನಾದರೂ ಬರೆಯಲು ಜಾಗವಿದೆ. ಅವನು ಬರೆದಿದ್ದ: ‘ಬೀಡು ಭಾರೀ ಉಂಟಲ್ಲ ಮಾರಾಯ! ಅಕ್ಕನಿಗೆ ನನ್ನ ಸಲಾಂ ಹೇಳು. ನಿನ್ನ ಟಿಕೆಟ್ ಅಕ್ಕನ ಬೀಡಿಯ ದುಡ್ಡಿನದ್ದು ಅಂತ ನೀನು ರೂಮಿನಲ್ಲಿ ಎಲ್ಲರಿಗೂ ಹೇಳ್ತಾ ಇದ್ದೆಯಲ್ಲ. ಅವರು ಈಗಲೂ ಕಟ್ತಾರಾ?’

ಹೌದು, ಹೇಳುತ್ತಿದ್ದ. ಸಮುದ್ರದ ಆಚೆ ಎದೆ ಮುಂದೆ ಮಾಡಿ ಹೇಳುತ್ತಿದ್ದ. ಊರಿನಲ್ಲಿ, ಅಕ್ಕನ ಎದುರಿಗೆ ಮಾತ್ರ ನಾಲಗೆ ಹೊರಳಲಿಲ್ಲ. ಸುಧಾಕರ ಮೊಬೈಲ್ ಹಿಡಿದು ನಫೀಸಮ್ಮನ ಅಂಗಳಕ್ಕೆ ಹೋದ. ಅಕ್ಕನ ಎದುರಿಗೆ ನೆಲದಲ್ಲೇ ಕುಳಿತು, ಬರೆದದ್ದನ್ನು ಗಟ್ಟಿಯಾಗಿ ಓದಿದ.

“ಇವನಿಗೆ ಎಂಥ ಬರೆಯಲಿ ಅಕ್ಕ?”

ಶಶಿಪ್ರಭಾ ಕೈಯಲ್ಲಿದ್ದ ಬೀಡಿಗೆ ನೂಲು ಸುತ್ತಿದಳು, ಹಲ್ಲಿನಿಂದ ನೂಲು ಕಡಿದಳು, ಅದನ್ನು ಮೊರದಲ್ಲಿ ಇಟ್ಟಳು. ಅವಳು ಜಗಲಿಯಿಂದ ಎದ್ದು ಹೋದ ಮೇಲೆ ತಾನು ಫೋನಿನಲ್ಲಿ ಹೇಳಿದ ಎರಡನೇ ಸುಳ್ಳು ಅವಳ ಕಿವಿಗೆ ಬಿದ್ದಿಲ್ಲ ಎಂದೇ ಅವನು ಇಷ್ಟು ದಿನ ತಿಳಿದಿದ್ದ.

“ಅಕ್ಕ ಪೇಟೆಗೆ ಹೋಗಿದ್ದಾಳೆ, ಬಂದ ಮೇಲೆ ಕೇಳಿ ಹೇಳ್ತೇನೆ ಅಂತ ಬರೆಯಿರಿ” ಎಂದಳು.