ವೆಲ್ಡಾ ಹೇಳಿದರೂ ಕೇಳದ ಹಲ್ಲಿನ ಡಾಕ್ಟರು

ಚಳಿಗಾಲ ಕಳೆಯಲು ಅರಿಜೋನಾದ ನಮ್ಮ ಮರಳುಗಾಡಿನ ಬಿಡಾರಕ್ಕೆ ಬರುವ ಗಂಡಸರಿಗೆ ತಾವು ವಾಸಿಸುವ ಮನೆಗಾಡಿ, ಅಂದರೆ ಮೋಟರ್‌ಹೋಮ್, ಹೊರಗಿನ ಬಣ್ಣ ಅಷ್ಟೇ. ಬೆಳಗಾದರೆ ಬಟ್ಟೆ ಹಿಡಿದು ಉಜ್ಜುತ್ತಾರೆ. ಎಂಜಿನ್ನಿನ ಮುಚ್ಚಳ ಎತ್ತಲು ಮಾತ್ರ ಅವರಿಗೆ ಸೊಂಟ ನೋವು.

ಇಂಥವರ ನಡುವೆ ವೆಲ್ಡಾ ಕ್ರಾಂಟ್ಸ್ ಹನ್ನೊಂದು ಚಳಿಗಾಲ ಕಳೆದಿದ್ದಾಳೆ. ನೆಬ್ರಾಸ್ಕಾದಲ್ಲಿ ಶಾಲಾ ಬಸ್ಸುಗಳ ಸ್ಟೀರಿಂಗು, ಬ್ರೇಕು ರಿಪೇರಿ ಮಾಡುತ್ತಲೇ ಮೂವತ್ತು ವರ್ಷ ಸವೆಸಿದವಳು. ಈಗ ವಯಸ್ಸು ಅರವತ್ತೊಂಬತ್ತು.

ಹಲ್ಲಿನ ಡಾಕ್ಟರಾಗಿ ನಿವೃತ್ತನಾದ ಥರ್ಸ್ಟನ್ ಪೈಕ್ ತನ್ನ ಇಪ್ಪತ್ತೆಂಟು ವರ್ಷದ ಗಾಡಿಯನ್ನು ತಿರುಗಿಸುತ್ತಿದ್ದಾಗ ಅದು ನರಳಿತು. ವೆಲ್ಡಾ ಕಾಫಿ ಕೆಳಗಿಟ್ಟು ಎದ್ದು ಬಂದಳು.

“ಡಾಕ್ಟ್ರೇ, ನಿಮ್ ಸ್ಟೀರಿಂಗ್ ಪಂಪು ನರಳ್ತಾ ಇದೆ. ಎಣ್ಣೆ ನೋಡಿ ಎಷ್ಟು ದಿನ ಆಯ್ತು?”

“ಹಳೇ ಗಾಡಿ ಅಂದ್ಮೇಲೆ ಸದ್ದು ಮಾಡತ್ತೆ, ಬಿಡಮ್ಮ.”

ಅವಳು ಬಿಡಲಿಲ್ಲ. ಮುಚ್ಚಳ ಎತ್ತಿ, ಎಣ್ಣೆಯ ಅಳತೆಕಡ್ಡಿ ತೆಗೆದು ಮೂಸಿದಳು. ಎಣ್ಣೆ ಕರ್ರಗಾಗಿ ಸೀದು ನಾರುತ್ತಿತ್ತು.

“ಇದು ಎಣ್ಣೆಯಲ್ಲ, ಡಾಂಬರು. ಪಂಪಿನ ಪೈಪೂ ಬಿರುಕು ಬಿಟ್ಟಿದೆ. ನಿಮ್ ಗಾಡೀಲಿ ಬ್ರೇಕಿಗೂ ಬಲ ಕೊಡೋದು ಇದೇ ಪಂಪು. ಹೋದ್ರೆ ಎರಡೂ ಒಟ್ಟಿಗೇ ಹೋಗತ್ತೆ.”

ಪೈಕ್ ಅಂಗಡಿಯಿಂದ ಸೋರಿಕೆ ನಿಲ್ಲಿಸುವ ಔಷಧಿಯೊಂದನ್ನು ತಂದು ಸುರಿದ. ಒಂದು ವಾರ ಸದ್ದು ತಗ್ಗಿತು. ಬಿಡಾರದ ತುಂಬ ಅವನದೇ ಭಾಷಣ: “ಒಂದು ಬಾಟ್ಲೀಲಿ ಮುಗೀತು ನೋಡಿ. ಆ ವೆಲ್ಡಾ ಕೈಗೆ ಕೊಟ್ಟಿದ್ರೆ ಇಡೀ ಗಾಡಿ ಬಿಚ್ಚಿ ಹಾಕಿರೋಳು.” ತಲೆಯಾಡಿಸಿದವರ ಗಾಡಿಗಳಲ್ಲೂ ಎಣ್ಣೆ ಅಷ್ಟೇ ಕಪ್ಪಗಿತ್ತು ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಫೆಬ್ರವರಿಯಲ್ಲಿ ಬೆಟ್ಟದ ಇಳಿಜಾರಿನಲ್ಲಿ ಪೈಪು ಒಡೆಯಿತು. ಸ್ಟೀರಿಂಗು ಕಲ್ಲಾಯಿತು. ಪೈಕನ ಹೆಂಡತಿ ಜೊನೆಟ್ ಪಕ್ಕದ ಸೀಟಿನಿಂದ ಎದ್ದು ಬಂದು ಅದಕ್ಕೆ ಜೋತುಬಿದ್ದಳು. ಅವನು ಎರಡೂ ಕಾಲಿನಿಂದ ಬ್ರೇಕು ತುಳಿದ. ಗಾಡಿ ಜಲ್ಲಿಯ ದಿಬ್ಬಕ್ಕೆ ಉಜ್ಜಿಕೊಂಡು ನಿಂತಿತು.

ಜೊನೆಟ್ ಫೋನು ಮಾಡಿದ್ದು ವೆಲ್ಡಾಗೆ. ಅವಳು ಹೋಗುವಷ್ಟರಲ್ಲಿ ಪೈಕ್ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು, ಗಾಡಿ ಎಳೆದೊಯ್ಯಲು ಬಂದ ಲಾರಿಯವನಿಗೆ ರಸ್ತೆಯ ತಪ್ಪುಗಳನ್ನು ವಿವರಿಸುತ್ತಿದ್ದ. ವೆಲ್ಡಾ ಬಗ್ಗಿ ಒಡೆದ ಪೈಪನ್ನು ನೋಡಿದಳು. ಎದುರಿನಿಂದ ಮಕ್ಕಳ ಬಸ್ಸು ಬಂದಿದ್ದರೆ ಎಂಬುದೊಂದೇ ಅವಳ ಯೋಚನೆ.

“ಡಾಕ್ಟ್ರೇ, ರಸ್ತೆ ತನ್ನ ಕೆಲ್ಸ ಮಾಡಿದೆ. ನೀವು ಮಾಡಿಲ್ಲ.”

ಗಾಡಿಯನ್ನು ಬಿಡಾರಕ್ಕೆ ತಂದ ಮೇಲೆ ವೆಲ್ಡಾಗೆ ಎರಡು ದಿನ ಕೆಲಸ ಹಿಡಿಯಿತು. ಹೊಸ ಪಂಪು, ಪೈಪು, ಫಿಲ್ಟರು ಹಾಕಿ, ಹಳೆಯ ಎಣ್ಣೆಯನ್ನು ಪೂರ್ತಿ ತೊಳೆದು ತೆಗೆದಳು. ಪೈಪಿನೊಳಗೆ ಸೇರಿದ ಗಾಳಿ ಹೊರಹಾಕಲು ಮುಂದಿನ ಚಕ್ರಗಳನ್ನೆತ್ತಿ ಸ್ಟೀರಿಂಗು ತಿರುಗಿಸಬೇಕಿತ್ತು. ಪೈಕನಿಗೆ ಭುಜ ಹಿಡಿದುಕೊಂಡಿತ್ತಂತೆ. ಜೊನೆಟ್ ಕೂತು ತಿರುಗಿಸಿದಳು.

“ಇದನ್ನ ನೋಡ್ಕೊಳ್ಳೋದು ನಂಗೆ ಹೇಳ್ಕೊಡಿ ವೆಲ್ಡಾ,” ಎಂದಳು.

“ಕಡ್ಡಿ ತೆಗ್ದು ಬಣ್ಣ ನೋಡಿ. ಕಪ್ಪಾಗೋಕೆ ಮುಂಚೆ ಬದಲಾಯ್ಸಿ. ಸ್ಟೀರಿಂಗ್ ಕೊನೇವರೆಗೂ ತಿರುಗಿಸಿ ಒತ್ತಿ ಹಿಡೀಬೇಡಿ. ನರಳಿದ್ರೆ ಗಾಡಿ ನಿಲ್ಸಿ. ಆಗ ನಿಮ್ಮೆಜಮಾನ್ರು ಏನಾದ್ರೂ ಅಂದ್ರೆ, ಕಿವಿ ಕೇಳ್ಸಲ್ಲ ಅಂದ್ಬಿಡಿ.”

ಅಂದಿನಿಂದ ಗಾಡಿ ಓಡಿಸುವವಳು ಜೊನೆಟ್. ತಾನೇ ತರಬೇತಿ ಕೊಟ್ಟೆ ಎಂದು ಪೈಕ್ ಹೇಳುತ್ತಾನೆ; ನಂಬುವವರೂ ಇದ್ದಾರೆ. ಚಳಿ ಕಳೆದು ಮಾರ್ಚಿನಲ್ಲಿ ಉತ್ತರದ ತಮ್ಮೂರಿಗೆ ಹೊರಟ ದಿನ ಜೊನೆಟ್ ಇಳಿದು ಬಂದು ವೆಲ್ಡಾಳನ್ನು ಅಪ್ಪಿಕೊಂಡಳು. ಕಿಟಕಿಯಿಂದ ಪೈಕ್ ಕೈ ಬೀಸಿದ. ವೆಲ್ಡಾ ಬಗ್ಗಿ ಇನ್ಯಾರದೋ ಗಾಡಿಯ ಕೆಳಗೆ ತೂರಿಕೊಂಡಳು.